ಪರದೆ ರೈತನ ಕಡೆ ತಿರುಗಿರಲಿ

ಬೆರಳಲ್ಲಿ ಮುಟ್ಟಿದರೆ ಚಿತ್ರ ಓಡುವ ಟೀವಿಗಳು ಈಗ ಹಳ್ಳಿಗೂ ಬರುತ್ತಿವೆ. ಗ್ರಾಮ ಪಂಚಾಯ್ತಿಯ ಗ್ರಂಥಾಲಯಗಳು ಅರಿವು ಕೇಂದ್ರ ಆದ ಮೇಲೆ ಎಷ್ಟೋ ಕಡೆ ಕಂಪ್ಯೂಟರು, ದೊಡ್ಡ ಟೀವಿ ಬಂದು ಕೂತಿವೆ. ಇನ್ನು ಮುಂದೆ ಹಾಲಿನ ಡೇರಿ, ಸೊಸೈಟಿ, ರೈತ ಸಂಪರ್ಕ ಕೇಂದ್ರ ಎಲ್ಲಾ ಕಡೆ ಒಂದೊಂದು ಮುಟ್ಟುವ ಪರದೆ ಇಟ್ಟು, ಬೆಂಗಳೂರಿನಿಂದ ನೇರವಾಗಿ ಬೇಸಾಯದ ವಿಡಿಯೋ ಹರಿಸಬೇಕು ಅನ್ನೋ ಮಾತು ನಮ್ಮ ಕಡೆ ಸಭೆಗಳಲ್ಲಿ ಕೇಳಿ ಬರ್ತಾ ಇದೆ. ಮಾರುವವರೂ ಬ್ಯಾಗು ನೇತುಹಾಕ್ಕೊಂಡು ಓಡಾಡ್ತಾ ಇದಾರೆ. ನಾನು ಇದಕ್ಕೆ ವಿರೋಧಿ ಅಲ್ಲ, ಬೇಕು ಅನ್ನುವವರ ಪೈಕಿ. ಆದರೆ ಈಗ ಹೇಳ್ತಿರೋ ರೀತಿಯಲ್ಲಿ ಕೂರಿಸಿದರೆ ಆರು ತಿಂಗಳಲ್ಲಿ ಅದರ ಮೇಲೆ ಬಟ್ಟೆ ಹೊದಿಸಿ, ಎದುರಿಗೆ ಗೊಬ್ಬರದ ಮೂಟೆ ಜೋಡಿಸ್ತಾರೆ. ಆ ದುಡ್ಡು ಹಾಳಾಗಬಾರದು ಅಂತಲೇ ಈ ಪತ್ರಿಕೆಗೆ ಬರೀತಾ ಇದೀನಿ.

ನಮ್ಮ ಊರಿನ ಪಕ್ಕದಲ್ಲೇ ಪರದೆಗಳು ಬೇಕಾದಷ್ಟಿವೆ. ಬಲಸಮುದ್ರ, ತಿರುಮಣಿ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆ ಬೆದ್ದಲಿನ ಮೇಲೆ ಪಾವಗಡದ ಸೋಲಾರ್ ಪಾರ್ಕ್ ನಿಂತಿದೆ. 2018ರ ಮಾರ್ಚ್ 1ರಂದು ಮೊದಲ ಹಂತದ ಉದ್ಘಾಟನೆ ಆಯ್ತು. 2019ರ ಕೊನೆಗೆ ಪೂರ್ತಿ 2,050 ಮೆಗಾವ್ಯಾಟ್ ಆಯ್ತು. ಜಮೀನು ಕ್ರಯಕ್ಕೆ ಹೋಗಿಲ್ಲ, ಗುತ್ತಿಗೆಗೆ ಹೋಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಶುರುವಾಗಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ, 28 ವರ್ಷದ ಕರಾರು. ಜಮೀನಿದ್ದವರಿಗೆ ಬಾಡಿಗೆ ಬಂತು, ಕೂಲಿಯವರಿಗೆ ಕಳೆ ಕೀಳೋ ಕೆಲಸ ಹೋಯ್ತು. ಅದರ ಒಳಿತು ಕೆಡುಕು ಇನ್ನೊಂದು ದಿನದ ಮಾತು. ಇಲ್ಲಿ ಹೇಳಬೇಕಾದ್ದು ಇಷ್ಟೇ. ಇಂಥ ಘಟಕಗಳಲ್ಲಿ ಬಿಸಿಲು, ಗಾಳಿ, ಉಷ್ಣಾಂಶ ಅಳೆಯೋ ಯಂತ್ರಗಳಿರ್ತವೆ. ಅವುಗಳ ಲೆಕ್ಕ ಕ್ಷಣಕ್ಷಣಕ್ಕೂ ತಂತಿಯಲ್ಲಿ ಹೋಗಿ ನಿಯಂತ್ರಣ ಕೊಠಡಿಯ ಪರದೆ ಮೇಲೆ ಬೀಳುತ್ತೆ. ಕಾವಲಿನ ಕ್ಯಾಮೆರಾಗಳ ಚಿತ್ರವೂ ಹಾಗೇ ಹೋಗುತ್ತೆ. ಮೋಡ ಅಡ್ಡ ಬಂದರೆ ಒಳಗೆ ಕೂತವನಿಗೆ ಆಗಲೇ ಗೊತ್ತಾಗುತ್ತೆ. ಬೇಲಿಯ ಈಚೆ ಎರಡೆಕರೆ ಕಡ್ಲೆಕಾಯಿ ಇಟ್ಟವನು ತಲೆ ಎತ್ತಿ ಆಕಾಶ ನೋಡಬೇಕು. ಅಂದರೆ ಈ ವಿದ್ಯೆ ನಮ್ಮ ಹೊಲದ ಬದುವಿನ ತನಕ ಬಂದಾಗಿದೆ. ಅದರ ಮುಖ ಮಾತ್ರ ಆ ಕಡೆ ಇದೆ.

ಪರದೆ ಯಾರ ಕಡೆ ಮುಖ ಮಾಡಿರಬೇಕು ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೇ ಉದಾಹರಣೆ ಇದೆ. ಸುಮಾರು 2000-01ರ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿ ಎಲ್ಲ ಕಂಪ್ಯೂಟರಿಗೆ ಹೋಯ್ತು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರ್ತಿತ್ತು. ಆ ಕೌಂಟರಿನಲ್ಲಿ ಒಂದು ಜಾಣತನ ಮಾಡಿದ್ದರು. ಗುಮಾಸ್ತನಿಗೆ ಒಂದು ಪರದೆ, ಅದೇ ಚಿತ್ರ ಕಾಣುವ ಇನ್ನೊಂದು ಪರದೆ ಹೊರಗೆ ನಿಂತ ರೈತನ ಕಡೆ. ಸರ್ವೆ ನಂಬರು ತಪ್ಪಿದ್ದರೆ, ಅಪ್ಪನ ಹೆಸರಿನಲ್ಲಿ ಅಕ್ಷರ ಬಿದ್ದಿದ್ದರೆ ಅಲ್ಲೇ ನಿಂತು ಹೇಳಬಹುದಾಗಿತ್ತು. ಕೆಲವು ತಾಲ್ಲೂಕುಗಳಲ್ಲಿ ಮುಟ್ಟಿ ನೋಡುವ ಪೆಟ್ಟಿಗೆಗಳನ್ನೂ ಇಟ್ಟಿದ್ದರು. ನನ್ನ ಪ್ರಕಾರ ಆ ಎರಡರಲ್ಲಿ ದೊಡ್ಡದು ಮುಟ್ಟುವ ಪೆಟ್ಟಿಗೆ ಅಲ್ಲ, ನಮ್ಮ ಕಡೆ ತಿರುಗಿಸಿಟ್ಟ ಆ ಸಾಧಾರಣ ಪರದೆ. ಮುಟ್ಟೋದು ಬಿಡೋದು ಆಮೇಲಿನ ಮಾತು.

ಬೇಸಾಯವನ್ನು ಟೀವಿಯಲ್ಲಿ ತೋರಿಸೋ ಆಸೆಯೂ ಹಳೇದೇ. ದೆಹಲಿಯಲ್ಲಿ ‘ಕೃಷಿ ದರ್ಶನ’ ಶುರುವಾಗಿದ್ದು 1967ರ ಜನವರಿ 26ಕ್ಕೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ ಒಂದು ವರ್ಷ, ಅಮೆರಿಕದವರ ಉಪಗ್ರಹ ಎರವಲು ತಂದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗೆ ಟೀವಿ ಕೊಟ್ಟರು. ‘ಸೈಟ್’ ಅಂತ ಅದಕ್ಕೆ ಹೆಸರು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಯ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿನ ತಂತಿಬಲೆ ಹೊಡೆದ ಮೂರು ಮೀಟರ್ ಅಗಲದ ಆಂಟೆನಾ. ಬೆಳಿಗ್ಗೆ ಒಂದೂವರೆ ಗಂಟೆ ಶಾಲೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿನವರಿಗೆ. ವರ್ಷ ಮುಗಿದ ಮೇಲೆ ಉಪಗ್ರಹ ಅದರ ಯಜಮಾನರ ಕಡೆ ಹೋಯ್ತು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಆಯ್ತು ಅನ್ನೋದು ಬೇರೆ. ಆದರೆ ಎರವಲು ನೀರಿಗೆ ಕಾಲುವೆ ತೋಡಿದರೆ ಏನಾಗುತ್ತೆ ಅನ್ನೋದು ಅಲ್ಲೇ ಗೊತ್ತಾಯ್ತು. ಅದರಲ್ಲಿ ಒಂದು ಒಳ್ಳೇದೂ ಇತ್ತು, ಅದನ್ನು ನಾವು ಮರೆತಿದೀವಿ. ಊರಿನವರಿಗೆ ತೋರಿಸ್ತಿದ್ದದ್ದು ಸಂಜೆ. ಈಗ ಕಚೇರಿಯ ಪರದೆ ಬೆಳಿಗ್ಗೆ ಹತ್ತೂವರೆಗೆ ಬಾಗಿಲು ತೆಗೆದು ಸಂಜೆ ಐದಕ್ಕೆ ಮುಚ್ಚುತ್ತೆ. ಹೊಲ ಬಿಟ್ಟು ಆ ಹೊತ್ತಲ್ಲಿ ಹೋಗಿ ನಿಲ್ಲೋ ರೈತ ಯಾರು?

ಈಗ ‘ನೇರವಾಗಿ ವಿಡಿಯೋ ಹರಿಸೋದು’ ಅಂದರೇನು ಅಂತ ಸ್ವಲ್ಪ ಬಿಡಿಸಿ ನೋಡೋಣ. ನಮ್ಮ ಅಕ್ಕನ ಮಗ ಬೆಂಗಳೂರಲ್ಲಿ ಅಂಗಡಿ, ಅಪಾರ್ಟ್‌ಮೆಂಟುಗಳಿಗೆ ಕ್ಯಾಮೆರಾ, ಪರದೆ ಕೂರಿಸೋ ಕೆಲಸ ಮಾಡ್ತಾನೆ. ಏಳನೇ ಕ್ಲಾಸಿನ ನನ್ನ ತಲೆಗೆ ಹತ್ತೋ ಹಾಗೆ ಅವನು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳ್ತೀನಿ.

ದೂರದರ್ಶನದ ಟೀವಿ ಮಳೆ ಇದ್ದ ಹಾಗೆ. ಒಂದು ಸಾರಿ ಸುರಿದರೆ ಹತ್ತು ಹೊಲಕ್ಕೂ ಬೀಳುತ್ತೆ, ಹತ್ತು ಸಾವಿರ ಹೊಲಕ್ಕೂ ಬೀಳುತ್ತೆ, ಮೋಡಕ್ಕೇನೂ ಹೆಚ್ಚು ಖರ್ಚಿಲ್ಲ. ಇಂಟರ್‌ನೆಟ್ಟಿನ ವಿಡಿಯೋ ಹಾಗಲ್ಲ, ಬೋರಿನ ಪೈಪಿದ್ದ ಹಾಗೆ. ನೂರು ಜನ ನೋಡಿದರೆ ನೂರು ಪೈಪು ಬೇರೆ ಬೇರೆ ಎಳೀಬೇಕು, ನೂರು ಪಾಲು ನೀರು ಬೇರೆ ಬೇರೆ ಎತ್ತಬೇಕು. ಕಣ್ಣಿಗೆ ಚೆನ್ನಾಗಿ ಕಾಣೋ ಚಿತ್ರಕ್ಕೆ ಸೆಕೆಂಡಿಗೆ ಎರಡು ಮೆಗಾಬಿಟ್ ಅಂತ ಇಟ್ಕೊಂಡರೂ ನಿಮಿಷಕ್ಕೆ 15 ಎಂಬಿ, ಗಂಟೆಗೆ 900 ಎಂಬಿ ಆಯ್ತು. ಹತ್ತು ನಿಮಿಷದ ಒಂದು ವಿಡಿಯೋ 150 ಎಂಬಿ. ನಾಳೆ ಅದನ್ನೇ ಇನ್ನೊಬ್ಬ ಮುಟ್ಟಿದರೆ ಮತ್ತೆ 150 ಎಂಬಿ ಬೆಂಗಳೂರಿಂದ ಬರಬೇಕು. ಬೀಜೋಪಚಾರದ ಒಂದೇ ಚಿತ್ರವನ್ನು ಮೇ ತಿಂಗಳಲ್ಲಿ ನಲವತ್ತು ಸಾರಿ ನೋಡಿದರೆ ನಲವತ್ತು ಸಾರಿ ಅದೇ ನೀರನ್ನು ಅಷ್ಟು ದೂರದಿಂದ ಎತ್ತಿದ ಹಾಗೆ.

ಪೈಪಿನ ಗತಿಯೂ ನಮಗೆ ಗೊತ್ತು. ಪಂಚಾಯ್ತಿ ಪಂಚಾಯ್ತಿಗೂ ಗಾಜಿನ ನೂಲಿನ ತಂತಿ ಎಳೆಯೋ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ. ಈಗ ಅದನ್ನು ಭಾರತ್‌ನೆಟ್ ಅಂತಾರೆ. ತಂತಿ ಬರೋದು ಒಳ್ಳೇದೇ. ಆದರೆ ರಸ್ತೆ ಅಗಲ ಮಾಡೋ ಜೆಸಿಬಿಗೆ ನೆಲದಡಿ ಏನಿದೆ ಅಂತ ಕಾಣಲ್ಲ. ಒಂದು ಸಾರಿ ತುಂಡಾದರೆ ಕೂಡಿಸೋಕೆ ಎಷ್ಟು ದಿನ ಅಂತ ಯಾರೂ ಹೇಳಲ್ಲ. ಇನ್ನು ಮೊಬೈಲ್ ಸಿಗ್ನಲ್ಲಿನ ಕಥೆ ಪಾವಗಡದವರನ್ನು ಕೇಳಿ. ತಾಲ್ಲೂಕಿನ ಸುತ್ತ ಹೆಚ್ಚುಕಡಿಮೆ ಆಂಧ್ರವೇ. ಫೋನು ಎಷ್ಟೋ ಸಾರಿ ಆ ಕಡೆ ಟವರು ಹಿಡಿದು ನಮಗೆ ತೆಲುಗಿನಲ್ಲಿ ಸ್ವಾಗತ ಹೇಳುತ್ತೆ. ನಮ್ಮ ಕಡೆಯ ಒಂದು ಕಚೇರಿಯಲ್ಲಿ ಇಂಥ ಪರದೆ ಇಟ್ಟಿದ್ದನ್ನು ನೋಡಿದೀನಿ. ಮುಟ್ಟಿದೆ, ನಡುವೆ ಒಂದು ಉಂಗುರ ಗಾಣದೆತ್ತಿನ ಹಾಗೆ ಸುತ್ತೋಕೆ ಶುರುವಾಯ್ತು. ನನ್ನ ಹಿಂದೆ ನಿಂತಿದ್ದವರು ಒಂದು ಬೀಡಿ ಸೇದಿ ಬಂದರು, ಇನ್ನೂ ಸುತ್ತುತ್ತಿತ್ತು.

ಅದಕ್ಕೆ ನಾನು ಹೇಳೋದು, ವಿಡಿಯೋವನ್ನು ಊರಲ್ಲೇ ಕಟ್ಟಿ ಹಾಕಿ ಅಂತ. ಪಾವಗಡ, ಮಧುಗಿರಿ ಕಡೆಯವರಿಗೆ ತಲಪರಿಗೆ ಗೊತ್ತು. ಮರಳಿನ ನೆಲದಲ್ಲಿ ತೋಡಿಕೊಂಡ ಊಟೆ, ನೀರು ನಿಧಾನಕ್ಕೆ ಜಿನುಗಿ ತುಂಬ್ಕೊಳ್ಳುತ್ತೆ, ಬೇಕಾದಾಗ ಮೊಗೆದುಕೊಳ್ಳೋದು. ವಿಡಿಯೋಗೂ ಅಂಥದೇ ಏರ್ಪಾಡಿದೆ. ಅರಿವು ಕೇಂದ್ರದಲ್ಲಿ ಒಂದು ಸಣ್ಣ ಕಂಪ್ಯೂಟರ್ ಪೆಟ್ಟಿಗೆ ಇಡೋದು. ಎಲ್ಲರೂ ಮಲಗಿದ ಮೇಲೆ, ರಾತ್ರಿ ಸಿಗ್ನಲ್ ಚೆನ್ನಾಗಿರೋ ಹೊತ್ತಲ್ಲಿ, ಹೊಸ ವಿಡಿಯೋ ಇದ್ದರೆ ಅದು ನಿಧಾನಕ್ಕೆ ಎಳೆದಿಟ್ಟುಕೊಳ್ಳುತ್ತೆ. ನೆಟ್ಟು ಒಂದು ವಾರ ಇಲ್ಲದಿದ್ದರೂ ಇರೋದಂತೂ ಇರುತ್ತೆ. ಬೆಳಿಗ್ಗೆ ನಾವು ಪರದೆ ಮುಟ್ಟಿದರೆ ಚಿತ್ರ ಬರೋದು ಪಕ್ಕದ ಪೆಟ್ಟಿಗೆಯಿಂದ, ಬೆಂಗಳೂರಿಂದ ಅಲ್ಲ. 64 ಜಿಬಿಯ ಒಂದು ಕಾರ್ಡಿನಲ್ಲಿ ಹತ್ತು ನಿಮಿಷದ್ದು 400 ವಿಡಿಯೋ ಹಿಡಿಯುತ್ತೆ. ಕಡ್ಲೆಕಾಯಿ, ತೊಗರಿ, ರಾಗಿ, ಕುರಿ, ಹುಣಸೆ ಎಲ್ಲ ಸೇರಿಸಿದರೂ ನಮಗೆ ಬೇಕಾದ್ದು ನಾನ್ನೂರು ಆಗಲ್ಲ. ನೆಟ್ಟೇ ಇಲ್ಲದ ಊರಿಗೆ ಬಸ್ಸಿನಲ್ಲಿ ಒಂದು ಪೆನ್‌ಡ್ರೈವ್ ಕಳಿಸಿದರೂ ಆಯ್ತು. ಕೇಳೋಕೆ ತಮಾಷೆ ಅನ್ನಿಸಬಹುದು, ಆದರೆ 60 ಜಿಬಿ ಸಾಮಾನು ಎರಡು ಗಂಟೆಯಲ್ಲಿ ಪಾವಗಡದಿಂದ ಹಳ್ಳಿಗೆ ಮುಟ್ಟಿಸೋದು ನಮ್ಮ ಕಡೆ ನೆಟ್ಟಿಗಿಂತ ಕೆಂಪು ಬಸ್ಸಿಗೇ ಸುಲಭ.

ಕೂರಿಸುವಾಗ ನೋಡಬೇಕಾದ ಒಂದೆರಡು ಸಂಗತಿ ಅಳಿಯ ಒತ್ತಿ ಹೇಳಿದಾನೆ. ಪೆಟ್ಟಿಗೆಯಿಂದ ಪರದೆಗೆ ಗಾಳಿಯಲ್ಲಿ ಕಳಿಸೋ ಬದಲು ತಂತಿ ಎಳೀಬೇಕು. ಒಂದೇ ತಂತಿ ನೂರು ಮೀಟರ್ ತನಕ ಹೋಗುತ್ತೆ, ಅದಕ್ಕಿಂತ ದೂರ ಆದರೆ ನಡುವೆ ಇನ್ನೊಂದು ಡಬ್ಬಿ ಬೇಕು. ಅಂಥದ್ದೇ ಪರದೆ, ಡಬ್ಬಿ ತಗೊಂಡರೆ ಕರೆಂಟೂ ಅದೇ ತಂತಿಯಲ್ಲಿ ಹೋಗೋ ಹಾಗೆ ಮಾಡಬಹುದು, ಗೋಡೆಗೆ ಇನ್ನೊಂದು ಪ್ಲಗ್ ಬೇಡ. ಗೋಡೆಗೆ ಹಾಕೋ ಸಣ್ಣ ಮುಟ್ಟುವ ಪರದೆಗಳ ಒಳಗಿನ ತಲೆ ಸಣ್ಣದು. ಅದಕ್ಕೆ ಭಾರಿ ದೊಡ್ಡ ವಿಡಿಯೋ ಕಳಿಸಿದರೆ ಬಿಡಿಸಿಕೊಳ್ಳೋಕಾಗದೆ ತಡವರಿಸುತ್ತೆ ಅಥವಾ ಕಪ್ಪಗೆ ನಿಂತುಬಿಡುತ್ತೆ. ‘ಮಾವ, ಎಷ್ಟೋ ಕಡೆ ಪರದೆ ಕೆಟ್ಟಿದೆ ಅಂತ ಕರೀತಾರೆ, ಹೋಗಿ ನೋಡಿದರೆ ಪರದೆ ಚೆನ್ನಾಗೇ ಇರುತ್ತೆ, ಚಿತ್ರ ದೊಡ್ಡದಾಗಿರುತ್ತೆ ಅಷ್ಟೇ’ ಅಂತಾನೆ. ಒಳ್ಳೇ ಕ್ಯಾಮೆರಾಗಳು ಇದಕ್ಕೇ ಒಂದು ದೊಡ್ಡ ಧಾರೆ, ಒಂದು ಸಣ್ಣ ಧಾರೆ ಅಂತ ಎರಡು ಬಿಡ್ತವಂತೆ. ದೊಡ್ಡದು ಕೂಡಿಡೋಕೆ, ಸಣ್ಣದು ಇಂಥ ಪರದೆಗೆ. ಆದ್ದರಿಂದ ಕೊಳ್ಳೋ ಮುಂಚೆ ಮಾರುವವನ ವಿಡಿಯೋ ನೋಡಿ ಮೆಚ್ಚಬೇಡಿ. ನಿಮ್ಮ ಕೈಯಲ್ಲಿರೋ ವಿಡಿಯೋ ಹಾಕಿಸಿ, ನಿಮ್ಮ ಊರಲ್ಲಿ, ನಿಮ್ಮ ನೆಟ್ಟಿನಲ್ಲಿ ಓಡಿಸಿ ತೋರಿಸು ಅನ್ನಿ. ಎತ್ತು ಕೊಳ್ಳುವಾಗ ಜಾತ್ರೆಯಲ್ಲಿ ನಡೆಸಿ ನೋಡಲ್ವೇ?

ಇನ್ನೊಂದು ವಿಷಯ ಯಾವ ಕಂಪನಿಯ ಕಾಗದದಲ್ಲೂ ಬರೆದಿರಲ್ಲ. ಅದು ನಮ್ಮ ಬೆರಳು. ಹಿಂದಿನ ಮುಟ್ಟುವ ಪರದೆಗಳಲ್ಲಿ ಎಷ್ಟೋ ಒತ್ತಿದರೆ ಕೆಲಸ ಮಾಡ್ತಿದ್ದವು. ಕಡ್ಡಿಯಲ್ಲಿ ಒತ್ತಿದರೂ ಸರಿಯೇ. ಈಗಿನ ಗಾಜಿನ ಪರದೆ ಒತ್ತಡ ನೋಡಲ್ಲ. ಬೆರಳ ಚರ್ಮದಲ್ಲಿರೋ ವಿದ್ಯುತ್ ಗುಣವನ್ನು ಹಿಡಿಯುತ್ತೆ. ಚರ್ಮ ಮೆತ್ತಗೆ, ಸ್ವಲ್ಪ ತೇವ ಇದ್ದರೆ ಚೆನ್ನಾಗಿ ಹಿಡಿಯುತ್ತೆ. ಕುಂಟೆ, ಗುದ್ದಲಿ ಹಿಡಿದು ಆಣೆಕಟ್ಟಿದ, ಒಣಗಿ ಬಿರಿದ ಬೆರಳನ್ನು ಹಿಡಿಯೋದು ಕಷ್ಟ. ಅದೇ ಬೆರಳಿಗೆ ಪಡಿತರದ ಅಂಗಡಿಯಲ್ಲಿ ಹೆಬ್ಬೆಟ್ಟಿನ ಯಂತ್ರವೂ ತಕರಾರು ಮಾಡುತ್ತೆ, ಎಲ್ಲರಿಗೂ ಗೊತ್ತು. ಪರದೆ ಮೇಲೆ ಸಣ್ಣ ಸಣ್ಣ ಅಕ್ಷರದ ಹದಿನೈದು ಚೌಕ ಮಾಡಿಟ್ಟರೆ ನಮ್ಮಂಥವರು ಒಂದನ್ನು ಮುಟ್ಟೋಕೆ ಹೋಗಿ ಇನ್ನೊಂದು ತೆರೀತೀವಿ. ಅಂಗೈ ಅಗಲದ ನಾಲ್ಕೇ ಚಿತ್ರ ಸಾಕು: ಬೆಳೆ, ದನಕುರಿ, ಮಳೆ, ಧಾರಣೆ. ಓದು ಬರದವರಿಗೂ ತಿಳೀಬೇಕು. ಪಕ್ಕದಲ್ಲಿ ಮೂರು ಸಾದಾ ಗುಂಡಿ ಇಟ್ಟರೆ ಇನ್ನೂ ಒಳ್ಳೇದು. ಗುಂಡಿ ಒತ್ತೋಕೆ ಯಾವ ಬೆರಳಾದರೂ ಆಗುತ್ತೆ. ಗುಂಡಿ ಇದ್ದರೆ ಹಳೇ ಕಾಲದ್ದು ಅನ್ನಿಸುತ್ತೆ ಅಂತ ಒಬ್ಬ ಮಾರಾಟಗಾರ ನಮ್ಮ ಮುಂದೆ ಹೇಳಿದ. ನಾವೂ ಹಳೇ ಕಾಲದವರೇ ಅಲ್ವೇನಪ್ಪಾ.

ಎಲ್ಲರ ಜೇಬಲ್ಲೂ ಫೋನಿರುವಾಗ ಪರದೆ ಯಾಕೆ ಅಂತ ಕೇಳುವವರಿದ್ದಾರೆ. ಎಲ್ಲರ ಜೇಬಲ್ಲಿ ಅನ್ನೋದು ಗಂಡಸರ ಮಾತು. ಬೀಜ ಬಿಡಿಸೋದು, ಬೀಜಕ್ಕೆ ಔಷಧಿ ಬೆರೆಸೋದು, ಕಳೆ ಕೀಳೋದು, ಕಾಯಿ ಬಿಡಿಸೋದು ಹೆಂಗಸರು. ಹುಳದ ಮೊಟ್ಟೆ ಎಲೆಯಡಿ ಮೊದಲು ಕಾಣೋದು ಬಗ್ಗಿ ಕಳೆ ಕೀಳೋ ಅವರ ಕಣ್ಣಿಗೆ. ಮನೆಯ ದೊಡ್ಡ ಫೋನು ಮಾತ್ರ ಗಂಡಸಿನದೋ ಕಾಲೇಜಿಗೆ ಹೋಗೋ ಹುಡುಗನದೋ ಆಗಿರುತ್ತೆ. ಎರಡನೇದು, ಫೋನಿನಲ್ಲಿ ನೋಡಿದ್ದು ಒಬ್ಬ ನೋಡಿದ್ದು. ಹತ್ತು ಜನ ಕೂತು ನೋಡಿದರೆ ಅದರಲ್ಲಿ ಒಬ್ಬರಾದರೂ ‘ಇದು ನಮ್ಮ ಕೆಂಪು ಮಣ್ಣಿಗೆ ಆಗಲ್ಲ ಕಣ್ರೋ’ ಅಂತಾರೆ. ಆ ಮಾತು ವಿಡಿಯೋಗಿಂತ ಬೆಲೆಯುಳ್ಳದ್ದು. ಮೂರನೇದು, ಫೋನಿನಲ್ಲಿ ಬರೋದರಲ್ಲಿ ಯಾವುದು ಸಲಹೆ, ಯಾವುದು ಜಾಹೀರಾತು ಅಂತ ಗೊತ್ತಾಗಲ್ಲ. ಯಾರೋ ಎಲ್ಲಿಂದಲೋ ಒಂದು ಡಬ್ಬಿ ಹಿಡ್ಕೊಂಡು ಟಾನಿಕ್ಕು ಹೊಡೆದರೆ ಎಕರೆಗೆ ಇಷ್ಟು ಚೀಲ ಅಂತಾನೆ. ಅವನ ಹೊಲ ಯಾವ ದಿಕ್ಕಿಗಿದೆ ಅಂತ ಯಾರಿಗೂ ಗೊತ್ತಿಲ್ಲ.

ಇದೇ ವಿಷಯಕ್ಕೆ ಬೆಂಗಳೂರಿನ ಆಸುಪಾಸಿನ ಹಳ್ಳಿಗಳಲ್ಲೇ ಒಂದು ಪ್ರಯೋಗ ನಡೆದಿತ್ತು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದಲ್ಲಿದ್ದ ರಿಕಿನ್ ಗಾಂಧಿ ಅನ್ನುವವರು 2006ರ ಸುಮಾರಿಗೆ ಗ್ರೀನ್ ಫೌಂಡೇಶನ್ ಜೊತೆ ಸೇರಿ ‘ಡಿಜಿಟಲ್ ಗ್ರೀನ್’ ಶುರು ಮಾಡಿದರು. ರೈತರ ಹೊಲದಲ್ಲಿ ರೈತರಿಂದಲೇ ಮಾತಾಡಿಸಿ ವಿಡಿಯೋ ಮಾಡೋದು, ಅದನ್ನು ಸಂಜೆ ಊರಲ್ಲಿ ಗುಂಪಿಗೆ ತೋರಿಸೋದು, ಊರಿನವರೇ ಒಬ್ಬರು ನಡುನಡುವೆ ನಿಲ್ಲಿಸಿ ‘ಏನಂದ? ನೀವಾದರೆ ಏನು ಮಾಡ್ತೀರಿ?’ ಅಂತ ಕೇಳೋದು. 16 ಹಳ್ಳಿಗಳಲ್ಲಿ 13 ತಿಂಗಳು ಹೋಲಿಸಿ ನೋಡಿದಾಗ, ಅಧಿಕಾರಿ ಬಂದು ಹೇಳಿ ಹೋಗೋ ಪದ್ಧತಿಗಿಂತ ಈ ರೀತಿಯಲ್ಲಿ ಕೆಲವು ಪದ್ಧತಿಗಳನ್ನು ಅಳವಡಿಸಿಕೊಂಡವರು ಏಳು ಪಟ್ಟು ಹೆಚ್ಚು ಅಂತ ಕಂಡಿತು. ವಿಡಿಯೋ ನೋಡಿದ ಕೂಡಲೇ ಜನ ಕೇಳ್ತಿದ್ದ ಮೊದಲ ಪ್ರಶ್ನೆ, ಆ ರೈತ ಯಾವ ಊರಿನವನು, ಅವನ ಹೆಸರೇನು ಅಂತ. ನಮಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಹೆಣ್ಣು ತರುವಾಗ ಕೇಳೋದೂ ಅದೇ, ಬೀಜ ತರುವಾಗ ಕೇಳೋದೂ ಅದೇ. ಅಲ್ಲಿ ನೇರ ಪ್ರಸಾರ ಇರಲಿಲ್ಲ, ಮುಟ್ಟುವ ಗಾಜೂ ಇರಲಿಲ್ಲ. ನಡುವೆ ನಿಲ್ಲಿಸಿ ಕೇಳೋ ಒಬ್ಬ ಮನುಷ್ಯ ಇದ್ದ.

ಆ ಮನುಷ್ಯನಿಗೆ ಸಂಬಳ ಎಲ್ಲಿಂದ ಅನ್ನೋದೇ ಯಾರ ಕೊಟೇಶನ್ನಿನಲ್ಲೂ ಇರಲ್ಲ. ಪರದೆಗೆ ಇಷ್ಟು, ಪೆಟ್ಟಿಗೆಗೆ ಇಷ್ಟು, ಕೂರಿಸೋಕೆ ಇಷ್ಟು, ತೆರಿಗೆ ಇಷ್ಟು. ಮುಗೀತು. ನನ್ನನ್ನು ಕೇಳಿದರೆ ಪರದೆಯ ದುಡ್ಡಿನಲ್ಲಿ ಅರ್ಧ ಉಳಿಸಿ, ಊರಿನ ಓದಿದ ಹೆಣ್ಣುಮಗಳೊಬ್ಬಳಿಗೆ ವಾರದಲ್ಲಿ ಎರಡು ಸಂಜೆ ತೋರಿಸೋಕೆ ಗೌರವಧನ ಕೊಡಬೇಕು. ದೊಡ್ಡ ಪರದೆ ಬೇಡ, ಸಾದಾ ಟೀವಿ ಸಾಕು. ಅವಳ ಕೈಗೆ ಒಂದು ಮುಟ್ಟುವ ಹಲಗೆ ಕೊಟ್ಟರೆ ಅಲ್ಲಿಂದಲೇ ನಿಲ್ಲಿಸ್ತಾಳೆ, ಹಿಂದಕ್ಕೆ ತಿರುಗಿಸ್ತಾಳೆ. ಮುಟ್ಟೋ ಕೆಲಸ ಬರುವವರು ಮುಟ್ಟಲಿ, ಉಳಿದವರು ನೋಡಲಿ, ಮಾತಾಡಲಿ.

ಹಾಗಾದರೆ ನೇರ ಪ್ರಸಾರ ಬೇಡವೇ ಬೇಡವೇ? ಬೇಕು, ಕೆಲವಕ್ಕೆ ಮಾತ್ರ. ನಮ್ಮ ಕಡೆಯ ಕೆಂಪು ಕಂಬಳಿ ಹುಳ ತಗೊಳ್ಳಿ. ಮುಂಗಾರಿನ ಮೊದಲ ಹದ ಮಳೆ ಬಿದ್ದ ಮೇಲೆ ಮಣ್ಣಿನೊಳಗೆ ಮಲಗಿದ್ದ ಕೋಶದಿಂದ ಚಿಟ್ಟೆ ಏಳ್ತವೆ. ಸಂಜೆ ಆದ ಮೇಲೆ ಬೆಂಕಿ, ಬೆಳಕಿಗೆ ಮುಗಿಬೀಳ್ತವೆ. ಆ ನಾಲ್ಕಾರು ರಾತ್ರಿ ಊರೆಲ್ಲ ಒಂದಾಗಿ ಹೊಲದಂಚಲ್ಲಿ ಬೆಂಕಿ ಹಾಕಿದರೆ, ದೀಪದ ಬಲೆ ಇಟ್ಟರೆ, ಆಮೇಲೆ ಎಲೆಯಡಿಯ ಮೊಟ್ಟೆ ಗುಂಪು, ಒಂದೇ ಕಡೆ ಮುತ್ತಿಕೊಂಡಿರೋ ಎಳೇ ಹುಳ ಆರಿಸಿ ಸುಟ್ಟರೆ ಅರ್ಧ ಯುದ್ಧ ಮುಗೀತು. ಕೂದಲು ಬಲಿತು ಹೊಲದಿಂದ ಹೊಲಕ್ಕೆ ದಂಡು ಹೊರಟ ಮೇಲೆ ಯಾವ ಔಷಧಿಗೂ ಬಗ್ಗಲ್ಲ. ಒಬ್ಬ ಬೆಂಕಿ ಹಾಕಿ ಹತ್ತು ಜನ ಮಲಗಿದರೆ ಪ್ರಯೋಜನ ಇಲ್ಲ. ಇಂಥದಕ್ಕೆ ‘ಇವತ್ತು ಸಂಜೆ ವಳ್ಳೂರಲ್ಲಿ ಚಿಟ್ಟೆ ಎದ್ದಿದೆ, ನಾಳೆ ನಿಮ್ಮಲ್ಲಿ’ ಅಂತ ಪರದೆ ಮೇಲೆ ಬಂದರೆ ಅದು ಸುದ್ದಿ. ಮೂರು ವಾರ ಬಿಟ್ಟು ಪುಸ್ತಕದಲ್ಲಿ ಬಂದರೆ ಅದು ಬರೀ ಪಾಠ.

2000ನೇ ಇಸವಿಯ ಮುಂಗಾರಿನಲ್ಲಿ ಪಕ್ಕದ ಅನಂತಪುರ ಜಿಲ್ಲೆಯಲ್ಲಿ ಕಡ್ಲೆಕಾಯಿಗೆ ಕಾಂಡ ಒಣಗೋ ನಂಜುರೋಗ ಬಂದು ಎರಡು ಲಕ್ಷ ಹೆಕ್ಟೇರಿಗೂ ಮೀರಿ ಹರಡಿತು. ಪಾರ್ಥೇನಿಯಂ ಕಳೆಯಲ್ಲಿರೋ ನಂಜು ಅದರ ಹೂವಿನ ಪುಡಿಯ ಜೊತೆ ಥ್ರಿಪ್ಸ್ ನುಸಿಯ ಮೂಲಕ ಬೆಳೆಗೆ ಸೇರುತ್ತೆ ಅಂತ ವಿಜ್ಞಾನಿಗಳು ಆಮೇಲೆ ಕಂಡುಹಿಡಿದರು. ಹೂ ಬಿಡೋ ಮುಂಚೆ ಬದುವಿನ ಪಾರ್ಥೇನಿಯಂ ಕೀಳೋದು, ಹೊಲದ ಸುತ್ತ ಸಜ್ಜೆ ಇಲ್ಲವೇ ಜೋಳದ ಸಾಲು ಒತ್ತಾಗಿ ಹಾಕೋದು, ಇವು ಆಗ ಹೊರಬಂದ ಉಪಾಯಗಳು. ಗಡಿ ಆಚೆ ಗೊತ್ತಿದ್ದದ್ದು ಗಡಿ ಈಚೆ ಬರೋಕೆ ನಮಗೆ ನೆಂಟರಿಷ್ಟರೇ ದಾರಿ. ಮೆಕ್ಕೆಜೋಳದ ಸೈನಿಕ ಹುಳು 2018ರಲ್ಲಿ ನಮ್ಮ ದೇಶದಲ್ಲೇ ಮೊದಲು ಶಿವಮೊಗ್ಗದ ಕಡೆ ಗುರುತಿಸಿದಾಗ ಕಾಲ ಬದಲಾಗಿತ್ತು. ತಲೆ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಗುರುತು, ಹಿಂಭಾಗದಲ್ಲಿ ಚೌಕಾಕಾರದ ನಾಲ್ಕು ಚುಕ್ಕೆ. ಇದನ್ನು ನೂರು ಸಾಲು ಬರೆದು ಹೇಳೋದಕ್ಕಿಂತ ಅರ್ಧ ನಿಮಿಷದ ಚಿತ್ರ ಮೇಲು. ಚಿತ್ರದ ಶಕ್ತಿ ಏನು ಅಂತ ಅದರಲ್ಲೇ ಕಾಣುತ್ತೆ.

ಮಳೆಯ ಲೆಕ್ಕವೂ ಪರದೆಗೆ ಬರಬೇಕು. ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯ್ತಿ ಮಟ್ಟಕ್ಕೂ ಬಿಸಿಲಿನಿಂದ ನಡೆಯೋ ಮಳೆಮಾಪಕ ಇಟ್ಟಿದಾರೆ. ಹದಿನೈದು ನಿಮಿಷಕ್ಕೊಮ್ಮೆ ಅದು ಲೆಕ್ಕ ಬೆಂಗಳೂರಿಗೆ ಕಳಿಸುತ್ತೆ. ‘ವರುಣ ಮಿತ್ರ’ ಅಂತ ಫೋನಿನಲ್ಲೂ ಹೇಳ್ತಾರೆ. ನಮ್ಮೂರಿನ ಮಳೆ ಬೆಂಗಳೂರಿಗೆ ಹದಿನೈದು ನಿಮಿಷದಲ್ಲಿ ಗೊತ್ತಾಗುವಾಗ ನಮ್ಮೂರಿನ ಗೋಡೆ ಮೇಲೆ ಯಾಕೆ ಕಾಣಬಾರದು? ಬೆಳೆ ವಿಮೆಯ ತಕರಾರು ಬಂದಾಗ ಎಷ್ಟು ಮಿಲಿಮೀಟರ್ ಬಿತ್ತು ಅಂತ ನಾವು ಊಹೆಯಲ್ಲಿ ಮಾತಾಡ್ತೀವಿ, ಅವರು ಕಾಗದ ತೋರಿಸ್ತಾರೆ. ಅಂಕಿ ಕಳಿಸೋಕೆ ವಿಡಿಯೋದಷ್ಟು ನೆಟ್ಟೂ ಬೇಡ, ಒಂದು ಹನಿ ಸಾಕು.

ಭಾಷೆಯ ಮಾತು ಒಂದು. ನಾವು ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ, ಹೊಲದಲ್ಲಿ ಎರಡೂ ಆಡೋ ಜನ. ಕದಿರಿ ಸಂಶೋಧನಾ ಕೇಂದ್ರದ ಕೆ-6, ಲೇಪಾಕ್ಷಿ ತಳಿ ನಮ್ಮ ಹೊಲಕ್ಕೆ ಬಂದಿವೆ, ಅವುಗಳ ವಿಡಿಯೋ ಮಾತ್ರ ತೆಲುಗಿನಲ್ಲಿರುತ್ತೆ. ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಗಳು ಹಿರೇಹಳ್ಳಿ, ಕೊನೇಹಳ್ಳಿಯಲ್ಲಿವೆ, ನಮಗೆ ಎರಡೂ ದೂರ. ಅಲ್ಲಿಂದ ಬರೋ ಕನ್ನಡ ಕೆಲವು ಸಾರಿ ಇನ್ನೂ ದೂರ. ‘ಸಾರಜನಕಯುಕ್ತ ರಸಗೊಬ್ಬರದ ಮೇಲುಗೊಬ್ಬರವಾಗಿ ಒದಗಿಸುವಿಕೆ’ ಅಂದರೆ ಯೂರಿಯಾ ಚೆಲ್ಲೋದು ಅಂತ ತಿಳಿಯೋಕೆ ನನಗೇ ಒಂದು ಗಳಿಗೆ ಬೇಕಾಯ್ತು. ಪಾವಗಡದ ರೈತ ಪಾವಗಡದ ಮಾತಲ್ಲಿ ಹೇಳಲಿ. ನಡುವೆ ತೆಲುಗು ಬಂದರೂ ಬರಲಿ, ಕತ್ತರಿಸಬೇಡಿ.

ಕರೆಂಟಿನ ವಿಷಯಕ್ಕೆ ಬರ್ತೀನಿ. 32 ಇಂಚಿನ ಟೀವಿಗೆ ಸುಮಾರು 50 ವ್ಯಾಟ್ ಬೇಕು, ಪೆಟ್ಟಿಗೆಗೆ ಇನ್ನೊಂದು ಹತ್ತು ಹದಿನೈದು. ನಮ್ಮ ಊರ ಪಕ್ಕದ 2,050 ಮೆಗಾವ್ಯಾಟ್ ಪೂರ್ತಿ ಓಡುವಾಗ ಅದರಲ್ಲಿ ಇಂಥ ನಾಲ್ಕು ಕೋಟಿ ಟೀವಿ ಓಡಿಸಬಹುದು. ಸುಮ್ಮನೆ ಕೂತು ಲೆಕ್ಕ ಹಾಕಿದ್ದು. ಅದರ ಬೇಲಿ ಪಕ್ಕದ ಊರಲ್ಲಿ ಸಂಜೆ ಏಳಕ್ಕೆ ಲೈಟು ಹೋದರೆ ಒಂದು ಟೀವಿ ನಿಲ್ಲುತ್ತೆ. ಅದಕ್ಕೆ ಪರದೆ ಕೊಡುವವರು ಒಂದು ಬ್ಯಾಟರಿ, ಮಾಳಿಗೆ ಮೇಲೆ ಒಂದು ಸೋಲಾರ್ ಹಲಗೆ ಸೇರಿಸಿಯೇ ಕೊಡಬೇಕು. ಇಲ್ಲದಿದ್ದರೆ ಸಂಜೆ ಅನ್ನೋ ಮಾತೇ ಸುಳ್ಳಾಗುತ್ತೆ.

ಕೊನೆಗೆ ಕೇಳೋ ದಾರಿ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯವರು ಉಪಗ್ರಹದ ಮೂಲಕ ಪಂಚಾಯ್ತಿ ಸದಸ್ಯರಿಗೆ ಪಾಠ ಮಾಡ್ತಿದ್ದಾಗ ಚಿತ್ರ ಒಂದೇ ಕಡೆಯಿಂದ ಬಂದರೂ, ಕೇಳುವವರು ಫೋನು ಮಾಡಿ ಪ್ರಶ್ನೆ ಹಾಕಬಹುದಾಗಿತ್ತು. ಉತ್ತರ ಎಲ್ಲರಿಗೂ ಕೇಳಿಸ್ತಿತ್ತು. ಚಿತ್ರ ಎರಡೂ ಕಡೆ ಹೋಗಲೇಬೇಕು ಅಂತೇನಿಲ್ಲ, ಮಾತು ಎರಡೂ ಕಡೆ ಹೋದರೆ ಆಯ್ತು. ನಮ್ಮ ಪರದೆಯ ಪಕ್ಕ ಕಿಸಾನ್ ಕಾಲ್ ಸೆಂಟರಿನ 1800-180-1551 ನಂಬರು ದೊಡ್ಡದಾಗಿ ಬರೆಸಿ, ಪ್ರಶ್ನೆ ಬರೆದಿಡೋಕೆ ಒಂದು ನೋಟ್‌ಬುಕ್ಕು ದಾರಕ್ಕೆ ಕಟ್ಟಿದರೂ ಶುರುವಿಗೆ ಸಾಕು. ತಿಂಗಳಿಗೊಮ್ಮೆ ಕೃಷಿ ಅಧಿಕಾರಿ ಆ ಪುಸ್ತಕ ಓದಿ, ಅಡಿಯಲ್ಲಿ ಉತ್ತರ ಬರೆದು ಸಹಿ ಹಾಕಬೇಕು ಅಂತ ಪಂಚಾಯ್ತಿ ನಿರ್ಣಯ ಮಾಡಲಿ. ಮುಂದಿನ ವಿಡಿಯೋ ಯಾವುದರ ಮೇಲೆ ಮಾಡಬೇಕು ಅಂತ ಆ ಪುಸ್ತಕವೇ ಹೇಳುತ್ತೆ.

ನಮ್ಮ ಓದುಗರಲ್ಲಿ ಯಾರಾದರೂ ಸೊಸೈಟಿಯಲ್ಲೋ ಡೇರಿಯಲ್ಲೋ ಇಂಥ ಪರದೆ ಕೂರಿಸಿದ್ದರೆ ಎಷ್ಟು ಖರ್ಚಾಯ್ತು, ಒಂದು ವರ್ಷ ಆದ ಮೇಲೂ ಓಡ್ತಿದೆಯಾ, ಯಾರು ನೋಡ್ತಾರೆ, ಎಷ್ಟು ಹೊತ್ತಿಗೆ ನೋಡ್ತಾರೆ ಅಂತ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಸಿರಾ, ಕೊರಟಗೆರೆ ಕಡೆಯವರು ಬರೆದರೆ ನಾವೇ ಬಸ್ಸು ಹತ್ತಿ ಬಂದು ನೋಡಿಕೊಂಡು ಹೋಗ್ತೀವಿ.